ಚೀಟಿಯಲ್ಲಿದ್ದ ‘ಮನೆ’

ಅರವತ್ತರ ದಶಕದಲ್ಲಿ ನಾನು ನಿಟ್ಟೂರಿನ ಶಾಲೆಯಲ್ಲಿ ಟೀಚರ್ ಆಗಿದ್ದೆ. ಗಂಡನಿಗೆ ಶಿವಮೊಗ್ಗದಲ್ಲಿ ಕೆಲಸ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆಗೆ ಕಾಲು ಬಾತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಸಾಗರದ ಡಾಕ್ಟರು ಎದೆ ಪರೀಕ್ಷಿಸಿ ಸಣ್ಣ ಮಾತ್ರೆ ಬರೆದುಕೊಟ್ಟರು.

“ಚೀಟಿಯಲ್ಲಿದೆ, ಓದಿ ಕೊಡಿ” ಎಂದ ಔಷಧಿ ಅಂಗಡಿಯವನು.

ಓದಲು ಬರುತ್ತದೆಂಬ ಜಂಬ ನನಗಿತ್ತು. ಚೀಟಿಯಲ್ಲಿ ಒಂದು ಎಂಬ ಅಂಕಿ, ಪಕ್ಕದಲ್ಲಿ ಎಂ, ಎ, ಎನ್, ಇ. ಇಂಗ್ಲಿಷಿನಲ್ಲಿ ಅದು ಕುದುರೆಯ ಜೂಲು. ಹಾಗಿರಲಾರದು, ಡಾಕ್ಟರು ಕನ್ನಡದ ‘ಮನೆ’ಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ, ಮನೆಯಲ್ಲಿ ನುಂಗುವ ಮಾತ್ರೆ ಎಂದುಕೊಂಡೆ. ಮಾತ್ರೆ ಅಂದರೆ ಮೂರು ಹೊತ್ತು ಎಂದೇ ನನಗೆ ಗೊತ್ತಿದ್ದದ್ದು. ಹಾಗೇ ಕೊಟ್ಟೆ.

ಐದನೇ ದಿನ ಅತ್ತೆ ಕುಡಿದ ನೀರನ್ನೂ ಕಕ್ಕಿದರು. ಮಧ್ಯಾಹ್ನ ತಟ್ಟೆ ನೋಡಿ, “ಅನ್ನಕ್ಕೆ ಅರಿಶಿನ ಯಾಕೆ ಹಾಕಿದ್ಯೇ?” ಎಂದರು. ಅದು ಬರಿಯ ಬಿಳಿ ಅನ್ನ.

ಅವರನ್ನು ಸಿಕ್ಕಿದ ಬಸ್ಸಿಗೆ ಹತ್ತಿಸಿ ಹೊಸನಗರಕ್ಕೆ ಹೊರಟೆ. ದಾರಿಯುದ್ದಕ್ಕೂ ಅವರ ನಾಡಿ ಹಿಡಿದೇ ಕೂತಿದ್ದೆ. ಒಂದು ಬಡಿದರೆ ಇನ್ನೊಂದು ಬರುವವರೆಗೆ ನಾನೂ ಉಸಿರು ಬಿಡುತ್ತಿರಲಿಲ್ಲ.

ಅಲ್ಲಿ ಇಟಲಿಯ ಸಿಸ್ಟರ್ ಒಬ್ಬರು ಚಿಕ್ಕ ದವಾಖಾನೆ ನಡೆಸುತ್ತಿದ್ದರು. ಚೀಟಿ ನೋಡಿ, “ದಿನಕ್ಕೆ ಎಷ್ಟು ಕೊಟ್ಟಿದ್ದೀರಿ?” ಎಂದು ಕೇಳಿದರು.

“ಮೂರು.”

ಅವರು ತಟ್ಟನೆ ಅತ್ತೆಯ ಮಣಿಕಟ್ಟು ಹಿಡಿದರು. “ಇದು ಡಾಕ್ಟರುಗಳು ಬರೆಯುವ ಲ್ಯಾಟಿನ್. ಮಾನೆ. ಬೆಳಿಗ್ಗೆ ಅಂತ. ಬೆಳಿಗ್ಗೆ ಒಂದೇ! ಹೃದಯದ ಮಾತ್ರೆ ಇದು. ಹೆಚ್ಚಾದರೆ ವಾಂತಿ, ಕಣ್ಣಿಗೆ ಎಲ್ಲ ಹಳದಿ, ಕೊನೆಗೆ ನಾಡಿಯೇ ನಿಲ್ಲಬಹುದು.”

ಸಂಜೆಯವರೆಗೆ ಅವರು ಗಡಿಯಾರ ನೋಡುತ್ತ ನಾಡಿ ಎಣಿಸಿದರು. ನಾನು ಅಳುತ್ತಿದ್ದುದನ್ನು ಕಂಡು ಮೆಲ್ಲಗೆ ಮಾತು ತೆಗೆದರು: “ನಮ್ಮಲ್ಲಿ ನಾಳೆಗೆ ದೊಮಾನಿ ಅಂತೇವೆ. ಫ್ರಾನ್ಸಿನವರು ದ್ಮ್ಯಾಂ, ಸ್ಪೇನಿನವರು ಮಾನ್ಯಾನಾ. ಎಲ್ಲದರೊಳಗೂ ಈ ಮಾನೆಯೇ ಇರುವುದು. ನಿಮಗೆ ಹೇಗೆ ಗೊತ್ತಾಗಬೇಕು?”

ನನಗೆ ಸಮಾಧಾನವಾಗಲಿಲ್ಲ. ಅಂಗಡಿಯವನನ್ನೇ ಕೇಳಬಹುದಿತ್ತಲ್ಲ, ಕೇಳಲಿಲ್ಲ.

ಮೂರನೇ ದಿನಕ್ಕೆ ನಾಡಿ ಸರಿಹೋಯಿತು. ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು, ಎರಡು ದಿನ ಮಾತಾಡಲಿಲ್ಲ. ನಿಲ್ಲಿಸಿದ್ದ ಮಾತ್ರೆಯನ್ನು ಮತ್ತೆ ಶುರುಮಾಡಲು ಸಿಸ್ಟರ್ ಹೇಳಿದ್ದ ದಿನ ನಾನು ಅದನ್ನು ತಂದಾಗ ಎದ್ದು ಕೂತು, ನನ್ನ ಮುಖವನ್ನೇ ನೋಡಿ ಕೈ ಚಾಚಿದರು.

“ಒಂದೇ ತಾನೇ?”