ಕಂಡಕ್ಟರ್ ಪರಿಮಳಾ ಮತ್ತು ಮುಂದಿನ ಸೀಟು

ಸಿದ್ದಾಪುರದಿಂದ ನಿಲ್ಕುಂದದ ಕಡೆ ಓಡಾಡುವ ಬಸ್ಸುಗಳಲ್ಲಿ ಪರಿಮಳಾ ಕಂಡಕ್ಟರ್ ಆಗಿದ್ದ ಬಸ್ಸನ್ನು ಒಂದು ಕಾಲದಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಹಿಂಬಾಗಿಲ ಹತ್ತಿರ ಜನ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಜೋತಾಡುತ್ತಿದ್ದರು. ಮುಂದೆ, ಡ್ರೈವರ್ ಬೆನ್ನ ಹಿಂದೆ, ನಾಲ್ಕು ಜನ ಎಲೆ ಹಾಕಿಕೊಂಡು ಊಟಕ್ಕೆ ಕೂರುವಷ್ಟು ಜಾಗ ಖಾಲಿ ಬಿದ್ದಿರುತ್ತಿತ್ತು. ಬೇರೆ ಕಂಡಕ್ಟರುಗಳು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಗಂಟಲು ಹರಿದುಕೊಂಡು ಅರ್ಧ ಊರನ್ನೇ ಒಳಗೆ ತುಂಬಿಸುತ್ತಾರೆ. ಪರಿಮಳಾ ಆ ಮಾತನ್ನೇ ಆಡುತ್ತಿರಲಿಲ್ಲ. ಡಿಪೋದವರು ಇದನ್ನು ಸೊಕ್ಕು ಎಂದರು, ಪ್ರಯಾಣಿಕರು ಸೋಮಾರಿತನ ಎಂದರು. ಎರಡು ಸಲ ಮೆಮೊ ಬಂತು. ನಿಜ ಹೇಳಬೇಕೆಂದರೆ ಆ ಎರಡು ಶಬ್ದ ಅವಳ ಬಾಯಿಂದ ಹೊರಡುತ್ತಲೇ ಇರಲಿಲ್ಲ.

ಮೊದಲು ಹಾಗಿರಲಿಲ್ಲ. ಎಕ್ಕಂಬಿಯಲ್ಲಿ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು ಅದು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಅವಳು ಸೀಟಿ ಊದಿದ್ದಕ್ಕಿಂತ ಕೂಗಿದ್ದೇ ಹೆಚ್ಚು.

ಎರಡು ವರ್ಷದ ಹಿಂದೆ, ಫಾಲ್ಗುಣದ ಒಂದು ಮಧ್ಯಾಹ್ನ, ಗುತ್ಯಪ್ಪ ಎಂಬ ಐವತ್ತರ ಆಸುಪಾಸಿನ ಮನುಷ್ಯ ಹಿಂಬಾಗಿಲಿಗೆ ಆತುಕೊಂಡು ನಿಂತಿದ್ದ. ನಿಲ್ಕುಂದದ ಹತ್ತಿರದವನು, ವಾರಕ್ಕೆರಡು ಸಲ ಬಸ್ಸಿಗೆ ಬರುತ್ತಿದ್ದವನು. "ಮುಂದ ಹೋಗ್ರಿ ಅಣ್ಣಾ, ಮುಂದ ಸೀಟ ಐತಿ" ಎಂದಳು ಪರಿಮಳಾ. ಅವನು ನಕ್ಕು, ಚೀಲ ಎತ್ತಿಕೊಂಡು ಮುಂದೆ ಹೋಗಿ ಎಡಗಡೆಯ ಸೀಟಿನಲ್ಲಿ ಕುಳಿತ. ಮೂರು ನಿಮಿಷವೂ ಆಗಿರಲಿಲ್ಲ. ಜೋರು ಗಾಳಿಗೆ ರಸ್ತೆ ಬದಿಯ ಒಣಗಿದ ಮತ್ತಿ ಮರವೊಂದು ಬುಡಸಮೇತ ಬಂದು ಬಸ್ಸಿನ ಎಡಮೂತಿಯ ಮೇಲೆ ಬಿತ್ತು. ಡ್ರೈವರ್ ಸುಭಾಷನ ಮುಂಗೈ ಮುರಿಯಿತು. ಗುತ್ಯಪ್ಪ ಕೂತಲ್ಲೇ ಹೋದ. ಹಿಂದಿದ್ದವರಿಗೆ ಏನೂ ಆಗಲಿಲ್ಲ, ಪರಿಮಳಾಗೆ ಒಂದು ಗೀರು ಕೂಡ ಆಗಲಿಲ್ಲ.

ಗೀರಾಗಲಿಲ್ಲ ಎಂಬುದೇ ದೊಡ್ಡ ತಾಪತ್ರಯ. ಕೈ ಮುರಿದಿದ್ದರೆ ಊರವರು ಕಿತ್ತಳೆಹಣ್ಣು ಹಿಡಿದು ನೋಡಲು ಬರುತ್ತಿದ್ದರು. ಏನೂ ಆಗದವಳಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಮರೆತುಬಿಡು. ಮರೆಯುವುದು ಛತ್ರಿಯೇ, ಬಸ್ಸಿನಲ್ಲಿ ಬಿಟ್ಟು ಇಳಿಯಲಿಕ್ಕೆ? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವಳಿಗೆ ಸ್ವಂತ ಹಾಸಿಗೆಯಲ್ಲೂ ನಿದ್ದೆ ಹತ್ತಲಿಲ್ಲ. ಯಾವುದೋ ರೆಂಬೆ ಬಸ್ಸಿನ ಮೇಲ್ಛಾವಣಿಗೆ ಸವರಿದರೆ ಸಾಕು, ಕಂಬ ಹಿಡಿದು ನಿಲ್ಲಬೇಕಾಗುತ್ತಿತ್ತು.

ತಾಯಿ ಸಿದ್ದವ್ವ "ಅಂಜಿಕಿ ಆಗೇತಿ ಮಗಳ" ಎಂದು ಎಕ್ಕಂಬಿಯಿಂದ ಬಂದು ದೃಷ್ಟಿ ತೆಗೆದಳು, ಮಣಿಕಟ್ಟಿಗೆ ಕರಿದಾರ ಕಟ್ಟಿದಳು. ಕಟ್ಟಿದ ಕೈ ತಾಯಿಯದಾದ್ದರಿಂದ ಎರಡು ರಾತ್ರಿ ನಿದ್ದೆ ಬಂತು. ಮೂರನೆಯ ರಾತ್ರಿ ಮರ ಮತ್ತೆ ಬಿತ್ತು. ಆಮೇಲೆ ಒಬ್ಬ ಡಾಕ್ಟರು ಮಾತ್ರೆ ಕೊಟ್ಟರು. ಅದರ ಮಂಪರಿನಲ್ಲಿ ಒಬ್ಬ ಮುದುಕನಿಗೆ ಮೂರು ಟಿಕೆಟ್ ಕೊಟ್ಟಳು. ಅವನು ಪಾಪ, ಇನ್ನಿಬ್ಬರು ಯಾರು ಎಂದು ಹಿಂದೆ ಮುಂದೆ ನೋಡಿದ.

ಇದರ ಮೇಲೆ ಮಂಜಿಯ ಸುದ್ದಿ ಬೇರೆ. ಮಂಜಿ ಗುತ್ಯಪ್ಪನ ಹೆಂಡತಿ. ಗಂಡ ಹೋದ ಮೇಲೆ ಅವಳು ಯಾವ ಬಸ್ಸನ್ನೂ ಹತ್ತಲಿಲ್ಲ, ಎಲ್ಲಿಗೆ ಹೋಗುವುದಿದ್ದರೂ ನಡೆದೇ. ಪರಿಮಳಾಳನ್ನು ಅವಳು ಒಮ್ಮೆಯೂ ಕಂಡವಳಲ್ಲ. ಆದರೆ ದಿನ ಬೆಳಗಾದರೆ ಜಗಲಿಯಲ್ಲಿ ಕೂತು, ಮುಂದೆ ಕಳಿಸಿದ ಆ ಬಾಯಿಗೆ ಹುಳ ಬೀಳಲಿ ಎಂದು ಶಪಿಸುತ್ತಾಳಂತೆ. ಅಂತೆ ಏನು ಬಂತು, ಆ ಕಡೆಯಿಂದ ಹತ್ತಿದ ಪ್ರತಿಯೊಬ್ಬರೂ ಟಿಕೆಟಿನ ದುಡ್ಡಿಗೆ ಮೊದಲು ಆ ಸುದ್ದಿಯನ್ನೇ ಕೊಡುತ್ತಿದ್ದರು. ಗಾಯಕ್ಕೆ ಉಪ್ಪು ಸವರಲು ಜನಕ್ಕೆ ಉಪ್ಪಿನ ಚೀಲ ಬೇಕಾಗುವುದಿಲ್ಲ, ಮಾತು ಸಾಕು.

ದಾರಿ ಸಿಕ್ಕಿದ್ದು ನಗು ಬರುವ ಹಾಗೆ. ಆರೋಗ್ಯ ಇಲಾಖೆಯವರು ಕೊಟ್ಟ ಸ್ಟಿಕ್ಕರುಗಳನ್ನು ಹಿಂದೊಮ್ಮೆ ಪರಿಮಳಾ ತಾನೇ ಡ್ರೈವರ್ ಸೀಟಿನ ಹಿಂದೆ ಅಂಟಿಸಿದ್ದಳು, ಏನು ಬರೆದಿದೆ ಎಂದು ಓದದೆ. ಅಪಘಾತವಾಗಿ ಎಂಟು ತಿಂಗಳಾದ ಮೇಲೆ ಒಂದು ದಿನ ಸುಭಾಷನಿಗೆ ನೀರಿನ ಬಾಟಲಿ ಕೊಡಲು ಮುಂದೆ ಹೋಗಲೇಬೇಕಾಯಿತು. ಎಡಗಡೆಯ ಸೀಟಿನತ್ತ ಕಣ್ಣು ಹೋಗದಿರಲೆಂದು ಎದುರಿದ್ದ ಅಕ್ಷರಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ಓದಿದಳು. ಮನಸ್ಸಿಗೆ ಪೆಟ್ಟಾದವರು, ನಿದ್ದೆ ಬಾರದವರು, ಯಾವ ವಯಸ್ಸಿನವರಾದರೂ ಈ ನಂಬರಿಗೆ ಫೋನ್ ಮಾಡಿ ಎಂದಿತ್ತು. ಎಂಟು ತಿಂಗಳಿಂದ ಮದ್ದು ಅವಳ ಬಸ್ಸಿನಲ್ಲೇ ಟಿಕೆಟಿಲ್ಲದೆ ಓಡಾಡುತ್ತಿತ್ತು. ಫೋನಿನ ಆಚೆಯವರು ಸಿದ್ದಾಪುರದ ಆಸ್ಪತ್ರೆಯ ಹಿಂಭಾಗದ ಕೋಣೆಗೆ ಮಂಗಳವಾರ ಹೋಗಲು ಹೇಳಿದರು.

ವಾರದ ರಜೆಯನ್ನು ಮಂಗಳವಾರಕ್ಕೆ ಹಾಕಿಸಿಕೊಂಡಳು. ಗಂಡ ಶರಣನಿಗೆ ಮಾತ್ರ ಹೇಳಿದಳು. ಡಿಪೋದಲ್ಲಿ ಗೊತ್ತಾದರೆ, ತಲೆ ಸರಿಯಿಲ್ಲದವಳ ಕೈಗೆ ಟಿಕೆಟ್ ಮಶೀನು ಕೊಡುವುದುಂಟೇ ಎಂದು ಯಾವುದೋ ಮೂಲೆಯ ಕುರ್ಚಿಗೆ ದೂಡುತ್ತಾರೆ ಎಂಬ ಭಯ. ಸೀರೆಯುಟ್ಟು ಬೇರೆಯವರ ಬಸ್ಸು ಹತ್ತಿದರೆ ಆ ಕಂಡಕ್ಟರು ನಕ್ಕ: "ಏನ್ರಿ ಪರಿಮಳಕ್ಕ, ರಜಾ ದಿನಾನೂ ಬಸ್ಸನ ಬೇಕೇನ್ರಿ?"

ಕೋಣೆಯ ಹೊರಗಿನ ಬೆಂಚಿನಲ್ಲಿ ಹುಚ್ಚರಿರುತ್ತಾರೆ ಎಂದುಕೊಂಡು ಹೋದವಳಿಗೆ ಕಂಡವರು ತನ್ನ ಪ್ರಯಾಣಿಕರೇ. ಸಿಲಿಂಡರ್ ಸಿಡಿದಂದಿನಿಂದ ಮಾತು ಬಿಟ್ಟ ಎರಡನೇ ಕ್ಲಾಸಿನ ಮಗು. ಎಲ್ಲರೊಡನೆ ಹರಟೆ ಹೊಡೆಯುತ್ತಿದ್ದ ಕಾಲೇಜಿನ ಹುಡುಗಿ, ಈಗ ನೆಲ ನೋಡುತ್ತ ಕೂತಿದ್ದಾಳೆ. ಯಲ್ಲಾಪುರದ ಅಲ್ಲಾವುದ್ದೀನ್ ಸಾಹೇಬರು, ಎಪ್ಪತ್ತು ದಾಟಿದವರು, ಘಟ್ಟದಲ್ಲಿ ಲಾರಿ ಉರುಳಿ ಜೊತೆಗಾರ ಸತ್ತು ಮೂವತ್ತು ವರ್ಷವಾದ ಮೇಲೆ ಈಗ ಮಗಳ ಒತ್ತಾಯಕ್ಕೆ ಬಂದಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಳಗಿದ್ದವಳು ಆಪ್ತ ಸಮಾಲೋಚಕಿ ನಾಜಿಯಾ, ಶಿರಸಿಯ ಟೆಂಪೋದವರ ಮನೆಯ ಮಗಳು, ವಯಸ್ಸು ಮೂವತ್ತರೊಳಗೆ. ಪರಿಮಳಾಗೆ ಮೊದಲು ನಂಬಿಕೆ ಬರಲಿಲ್ಲ; ಈ ಹುಡುಗಿ ತನಗೆ ಏನು ಹೇಳೀತು? ಆ ಹುಡುಗಿ ಏನೂ ಹೇಳಲಿಲ್ಲ. ಕೇಳಿದಳು. ಮರೆತುಬಿಡಿ ಎನ್ನದೆ, "ನಿಮಗೆ ಎಷ್ಟು ಹೇಳಾಕ ಆಗ್ತದೋ ಅಷ್ಟ ಹೇಳ್ರಿ, ಉಳಿದದ್ದು ಮುಂದಿನ ವಾರ" ಎಂದಳು. ಮೊದಲ ದಿನ ಪರಿಮಳಾ ಗಾಳಿಯವರೆಗೆ ಹೇಳಿದಳು. ಮರದವರೆಗೆ ಬರಲು ಐದು ಮಂಗಳವಾರ ಬೇಕಾಯಿತು. ಆಮೇಲೆ ನಾಜಿಯಾ ಕೊಟ್ಟ ಅಭ್ಯಾಸ ಏನೆಂದರೆ, ಡ್ಯೂಟಿ ಮುಗಿದ ಮೇಲೆ ನಿಂತ ಬಸ್ಸಿನಲ್ಲಿ ಒಂದೊಂದೇ ಸೀಟು ಮುಂದೆ ಸರಿದು ಕೂರುವುದು. ಖಾಲಿ ಬಸ್ಸಿನಲ್ಲಿ ಕೂತವಳನ್ನು ಕಂಡ ಸುಭಾಷ ತನ್ನ ಸೀಟಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ತುಂಬಿದ ಬಸ್ಸಿನಲ್ಲಿ ಅವಳು "ಮುಂದ ಹೋಗ್ರಿ" ಎಂದಾಗ ದನಿ ಒಡೆಯಿತು. ಜನ ಗೊಣಗುತ್ತ ಮುಂದೆ ಸರಿದರು. ಅದೇನು ಸಾಧಾರಣ ಧೈರ್ಯವಲ್ಲ. ಯುದ್ಧಕ್ಕೆ ಹೋಗಿಬಂದವರಿಗೆ ಪದಕ ಕೊಡುತ್ತಾರೆ, ಇವಳಿಗೆ ಯಾರೂ ಏನೂ ಕೊಡಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳು ಪರಿಮಳಾ ಅಲ್ಲ. ಯಾರ ಮಾತು ನಿಂತಿದೆ, ಯಾರ ಮೈ ಇಳಿದಿದೆ, ಯಾವ ಮಗು ಹಾರ್ನ್ ಕೇಳಿದರೆ ಕಿವಿ ಮುಚ್ಚುತ್ತದೆ, ಕಂಡಕ್ಟರಿಗೆ ತಿಳಿದಷ್ಟು ಹೆತ್ತವರಿಗೂ ತಿಳಿಯುವುದಿಲ್ಲ. ಟಿಕೆಟ್ ಜೊತೆ ಒಂದು ಚೀಟಿ ಮಡಚಿ ಕೊಡುತ್ತಿದ್ದಳು: ಮಂಗಳವಾರ, ಹಿಂಭಾಗದ ಕೋಣೆ. ಒಂದು ವರ್ಷದಲ್ಲಿ ಹನ್ನೊಂದು ಜನ ಅವಳ ಮಾತು ಕೇಳಿ ಹೋದರು. ಕೇಳಿದವರಿಗೆಲ್ಲ, "ನಮ್ಮ ಸಂಬಂಧಿಕರು ಒಬ್ಬರಿಗೆ ಅಲ್ಲೇ ಗುಣ ಆತು" ಎನ್ನುತ್ತಿದ್ದಳು. ಸುಳ್ಳಿಗೂ ಒಂದು ಸಂಬಂಧಿಕರ ಮನೆ ಬೇಕಲ್ಲ.

ಹೋದ ಚೈತ್ರದಲ್ಲಿ, ರಜೆ ಸಿಗದೆ ಡ್ಯೂಟಿಗೆ ಬಂದಿದ್ದ ಒಂದು ಮಂಗಳವಾರ, ನಿಲ್ಕುಂದದ ಕಡೆಯಿಂದ ಸಿದ್ದಾಪುರಕ್ಕೆ ಹೊರಟ ಬೆಳಗಿನ ಬಸ್ಸಿಗೆ ಇಬ್ಬರು ಹೆಂಗಸರು ಹತ್ತಿದರು. ಒಬ್ಬಳು ಇನ್ನೊಬ್ಬಳನ್ನು ಹೆಚ್ಚುಕಡಿಮೆ ಎಳೆದೇ ಹತ್ತಿಸಿದಳು. ಉಚಿತ ಟಿಕೆಟಿಗೆಂದು ತೋರಿಸಿದ, ಎಳೆಸಿಕೊಂಡವಳ ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು ಗುತ್ಯಪ್ಪ ಎಂದಿತ್ತು. ಪರಿಮಳಾಳ ಬೆರಳು ಮಶೀನಿನ ಮೇಲೆ ನಿಂತಿತು. ಮಂಜಿ ಬಾಗಿಲ ಪಕ್ಕದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣು ಮುಚ್ಚಿ, ದಾರಿಯುದ್ದಕ್ಕೂ ನಿಂತೇ ಬಂದಳು. "ಮೂರು ತಿಂಗ್ಳಾತು, ಅನ್ನ ಮುಟ್ಟದಿಲ್ಲ, ಬೈಯದು ಬಿಟ್ರೆ ಬೇರೆ ಮಾತಿಲ್ಲ. ಆಶಾ ಕಾರ್ಯಕರ್ತೆ ಆಸ್ಪತ್ರಿಗೆ ಕರ್ಕಂಡ್ ಹೋಗಿ ಅಂದ್ರು" ಎಂದು ನಾದಿನಿ ಪಿಸುಗುಟ್ಟಿದಳು.

ಆಸ್ಪತ್ರೆಯ ಸ್ಟಾಪು ಬಂತು. ನಾದಿನಿ ಇಳಿದಳು. ಮಂಜಿ ಕಂಬ ಬಿಡಲಿಲ್ಲ.

"ನಾ ಎಂತಕ್ಕೆ ಇಳೀಲಿ? ನಂಗೆಂತ ಹುಚ್ಚು ಹಿಡದೈತಾ? ಹುಚ್ಚರ ಕೋಣಿಗೆ ನಾ ಬರದಿಲ್ಲ. ವಾಪಸ್ ನಡಕಂಡಾದ್ರೂ ಹೋತೀನಿ."

ಹಿಂದಿನಿಂದ ಯಾರೋ "ಇಳಿಸ್ರೀ ಬೇಗ, ಕೋರ್ಟಿಗೆ ಹೊತ್ತಾತು" ಎಂದರು. ಇನ್ನೊಬ್ಬರು ಸೀಟಿ ಊದಿ ಎಂದರು. ಸೀಟಿ ಊದಿದರೆ ಸುಭಾಷ ಬಸ್ಸು ಬಿಡುತ್ತಾನೆ, ಮಂಜಿ ಮುಂದಿನ ಸ್ಟಾಪಿನಲ್ಲಿ ಇಳಿದು ಊರಿಗೆ ನಡೆಯುತ್ತಾಳೆ. ಇನ್ನೊಮ್ಮೆ ಅವಳನ್ನು ಬಸ್ಸಿಗೆ ಹತ್ತಿಸಲು ಯಾರಿಂದಲೂ ಆಗುವುದಿಲ್ಲ, ಅವಳ ಮೈ ನೋಡಿದರೆ ಇನ್ನೊಂದು ಚೈತ್ರ ಕಾಣುವ ಹಾಗೂ ಇರಲಿಲ್ಲ. ಸಂಬಂಧಿಕರೊಬ್ಬರಿಗೆ ಗುಣ ಆತು ಎಂಬ ಮಾತು ಪರಿಮಳಾಳ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ಅಕ್ಕಾ," ಎಂದಳು, ಗದ್ದೆಗೆ ಕೇಳುವ ದನಿಯಲ್ಲಿ. "ನೀವು ದಿನಾ ಬೈತೀರಲ್ರಿ, ಅದು ನನಗ. ಗುತ್ಯಪ್ಪಣ್ಣಗ ಮುಂದ ಹೋಗ್ರಿ ಅಂದಾಕಿ ನಾನ."

ಮಂಜಿ ಕಣ್ಣು ತೆರೆದಳು. ಬಸ್ಸಿನಲ್ಲಿ ನಲವತ್ತೈದು ಜನ ಇದ್ದರು, ಅವರಲ್ಲಿ ಮೂವರು ಡಿಪೋದವರು.

"ಆ ಕೋಣಿಗೆ ನಾನೂ ಹೋಗ್ತೀನ್ರಿ. ಒಂದು ವರ್ಷದ ಮ್ಯಾಲಾತು, ವಾರವಾರ ಹೋಗೇನಿ. ಅಲ್ಲಿಗೆ ಹೋದವರು ಹುಚ್ಚರಾದ್ರ ನಾನೂ ಹುಚ್ಚಿನ. ಇಳೀರಿ, ನಾ ಕರಕೊಂಡು ಹೋಗ್ತೀನಿ. ಬೈಯೂದಿದ್ರ ದಾರಿಯಾಗ ಬೈರಿ."

ಸುಭಾಷ ಯಾರೂ ಹೇಳದೆಯೇ ಇಂಜಿನ್ ಆರಿಸಿದ. ಮಂಜಿ ಅವಳ ಮುಖವನ್ನು ನೋಡುತ್ತಲೇ ಇದ್ದಳು. ಈಗ ಕೈ ಎತ್ತುತ್ತಾಳೆ, ಈಗ ಉಗಿಯುತ್ತಾಳೆ ಎಂದು ಎಲ್ಲರೂ ಕಾದರು. ಪರಿಮಳಾ ಅದಕ್ಕೂ ತಯಾರಾಗಿಯೇ ನಿಂತಿದ್ದಳು.

"ನಿಂಗೂ ನಿದ್ದೆ ಬರ್ತಿರ್ಲಿಲ್ವನೇ?" ಎಂದಳು ಮಂಜಿ.

"ಎಂಟು ತಿಂಗಳ ಬರಲಿಲ್ಲಕ್ಕಾ."

"ಎಂಟು ತಿಂಗ್ಳಾ." ಮಂಜಿ ಕಂಬದಿಂದ ಒಂದು ಕೈ ಬಿಟ್ಟು ಪರಿಮಳಾಳ ತೋಳು ಹಿಡಿದಳು, ಆಮೇಲೆ ಇನ್ನೊಂದನ್ನೂ ಬಿಟ್ಟಳು. ಮೆಟ್ಟಿಲು ಇಳಿಯುತ್ತ ಮೆಲ್ಲಗೆ ಕೇಳಿದಳು: "ಊಟನಾರೂ ಮಾಡ್ತಿದ್ಯನೇ?"