ಸ್ಕೂಟರಿನ ಬದಲು ಬಂದ ಗ್ರಾಫಿಕ್ಸ್ ಕಾರ್ಡು

ಎಲ್ಲಕ್ಕಿಂತ ದುಬಾರಿಯಾದ ಗ್ರಾಫಿಕ್ಸ್ ಕಾರ್ಡು ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ಕೇಳುವವರು ಮನಸ್ಸಿನಲ್ಲಿ ‘ದಂಡ’ ಎಂದು ಆಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಅದನ್ನು ನನ್ನ ಬಾಯಿಂದ ಹೇಳಿಸಿ ಸಮಾಧಾನ ಪಟ್ಟುಕೊಳ್ಳಲು ಬಂದಿರುತ್ತಾರೆ. ಆ ಸಮಾಧಾನ ನಾನು ಕೊಡುವುದಿಲ್ಲ. ಒಂದು ಕಾರ್ಡಿಗಾಗಿ ಸ್ಕೂಟರನ್ನೇ ಪಣಕ್ಕಿಟ್ಟವಳು ನಾನು. ಆ ಒಂದು ವಾರ ನನ್ನ ಜೀವ ಬಾಯಿಗೆ ಬಂದಿತ್ತು.

ಆಗ ನಮ್ಮ ಮನೆ ಬಸವೇಶ್ವರನಗರದಲ್ಲಿತ್ತು. ಅಪ್ಪಾಜಿಯ ಶೆಡ್ಡು ಕಾಮಾಕ್ಷಿಪಾಳ್ಯದಲ್ಲಿ, ಒಂದು ಗಾರ್ಮೆಂಟ್ಸಿನ ಹಿಂದಿನ ಗೋಡೆಗೆ ಅಂಟಿಕೊಂಡ ಓಣಿಯೊಳಗೆ. ಲೋಹಕ್ಕೆ ಪಾಲಿಶ್ ಹಾಕುವುದು ಅವರ ಕಸುಬು. ಮೆಟ್ಟಿಲಿನ ಕಂಬಿ, ಬಾಗಿಲಿನ ಹಿಡಿ, ಬೈಕಿನ ಸೈಲೆನ್ಸರ್, ದೇವಸ್ಥಾನದ ಹಿತ್ತಾಳೆ ದೀಪ, ಏನೇ ಬರಲಿ, ಗಿರಗಿರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ಹೊಳೆಯಿಸಿ ಕೊಡುತ್ತಿದ್ದರು. ಸಾಯಂಕಾಲ ಮನೆಗೆ ಬಂದಾಗ ಮುಖವೆಲ್ಲ ಕಪ್ಪಾಗಿ, ಹಲ್ಲು ಮತ್ತು ಹಣೆಯ ವಿಭೂತಿ ಮಾತ್ರ ಬೆಳ್ಳಗೆ ಕಾಣುತ್ತಿದ್ದವು.

ಅವರ ಕೆಲಸದಲ್ಲಿ ಎರಡು ದರ್ಜೆ ಇತ್ತು. ಒಂದು ಸಾದಾ, ಇನ್ನೊಂದು ಮಿರರ್. ಸಾದಾ ಪಾಲಿಶ್ ಅರ್ಧ ಗಂಟೆಯಲ್ಲಿ ಮುಗಿದರೆ, ಅದೇ ತುಂಡನ್ನು ಕನ್ನಡಿಯ ಹಾಗೆ ಮಾಡಲು ಅರ್ಧ ದಿನ ಹಿಡಿಯುತ್ತಿತ್ತು. ಮಿರರ್ ಆಯಿತೋ ಇಲ್ಲವೋ ಎಂದು ನೋಡಲು ಅಪ್ಪಾಜಿ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಆ ಲೋಹದ ಮುಂದೆ ಒಂದು ಗೇಣು ದೂರದಲ್ಲಿ ಹಿಡಿಯುತ್ತಿದ್ದರು. ಪೆಟ್ಟಿಗೆಯ ಮೇಲಿನ ಅಕ್ಷರಗಳು ಲೋಹದಲ್ಲಿ ತಿರುಗುಮುರುಗಾಗಿ, ಆದರೆ ಸ್ಪಷ್ಟವಾಗಿ ಕಾಣಬೇಕು. ಒಂದು ಒತ್ತಕ್ಷರ ಕದಡಿದ ಹಾಗೆ ಕಂಡರೂ ಮತ್ತೆ ಚಕ್ರಕ್ಕೆ. ಅವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಕಡ್ಡಿಪೆಟ್ಟಿಗೆ ಇದ್ದದ್ದು ಇದಕ್ಕೊಂದಕ್ಕೇ.

ನಾನು ಕೆಂಗೇರಿಯ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದೆ. ಎರಡು ಬಸ್ಸು ಬದಲಾಯಿಸಿ ಹೋಗುವುದನ್ನು ನೋಡಲಾರದೆ, ಆಯುಧಪೂಜೆಗೆ ನನಗೊಂದು ಸ್ಕೂಟರ್ ಕೊಡಿಸುವುದೆಂದು ಅಪ್ಪಾಜಿ ಮಾತು ಕೊಟ್ಟಿದ್ದರು. ನನಗೋ ಕಂಪ್ಯೂಟರ್ ಗೇಮಿನ ಹುಚ್ಚು. ಹುಚ್ಚು ಅಂದರೆ ಹುಚ್ಚೇ. ನನ್ನ ಹಳೆಯ ಕಾರ್ಡಿನಲ್ಲಿ ಮರಗಳು ಹತ್ತಿರ ಹೋದ ಮೇಲೆ ದಢಕ್ಕನೆ ಎದ್ದು ನಿಲ್ಲುತ್ತಿದ್ದವು, ಕೆರೆಯ ನೀರು ಸಿಮೆಂಟ್ ಬಳಿದ ಹಾಗೆ ಇರುತ್ತಿತ್ತು. ಕಂಪ್ಯೂಟರ್ ಪತ್ರಿಕೆಗಳಲ್ಲಿ ಆ ವರ್ಷದ ಅತಿ ದೊಡ್ಡ ಕಾರ್ಡಿನ ಚಿತ್ರ ನೋಡಿ ನೋಡಿ ಪುಟ ಹರಿದುಹೋಗಿತ್ತು. ಬೆಲೆ ಒಂದು ಸ್ಕೂಟರಿನಷ್ಟು. ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

“ಅಪ್ಪಾಜಿ, ನಂಗೆ ಸ್ಕೂಟರ್ ಬೇಡ. ಅದೇ ದುಡ್ಡಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಕೊಡ್ಸಿ.”

ಅಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಅಪ್ಪಾಜಿ ರೊಟ್ಟಿ ಮುರಿಯುತ್ತ, “ಅದೇನ್ ಮಾಡುತ್ತೆ?” ಎಂದರು.

“ಚಿತ್ರ ಚೆನ್ನಾಗಿ ಕಾಣ್ಸುತ್ತೆ.”

“ಈಗ ಕಾಣ್ತಾ ಇಲ್ವಾ?”

“ಕಾಣುತ್ತೆ. ಆದ್ರೆ ಸಾದಾ,” ಎಂದೆ.

ಆ ಪದ ಬೇಕೆಂದೇ ಆರಿಸಿದ್ದೆ. ಅಪ್ಪಾಜಿ ನನ್ನನ್ನು ಓರೆಗಣ್ಣಿನಲ್ಲಿ ನೋಡಿ, ಮತ್ತೊಂದು ರೊಟ್ಟಿ ಹಾಕಿಸಿಕೊಂಡರು. ಬೇಡ ಅನ್ನಲಿಲ್ಲ.

ಹಬ್ಬದ ಹಿಂದಿನ ದಿನ ಇಬ್ಬರೂ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವನು ನನ್ನನ್ನು ನೋಡಿ, “ತಮ್ಮಂಗಾ ಮೇಡಂ?” ಎಂದ. “ನಂಗೆ,” ಎಂದೆ, ಸ್ವಲ್ಪ ಜೋರಾಗಿಯೇ. ಆ ಪುಣ್ಯಾತ್ಮ ತನ್ನ ವ್ಯಾಪಾರಕ್ಕೇ ಕಲ್ಲು ಹಾಕಿಕೊಂಡು ಅಪ್ಪಾಜಿಗೆ ಬುದ್ಧಿವಾದ ಶುರುಮಾಡಿದ. “ಸಾರ್, ನಿಜ ಹೇಳ್ತೀನಿ. ಇದ್ರ ಅರ್ಧ ರೇಟಿಗೆ ಮುಕ್ಕಾಲು ಕೆಲಸ ಮಾಡೋ ಕಾರ್ಡ್ ಇದೆ. ಇನ್ನೆರಡು ವರ್ಷ ಬಿಟ್ರೆ ಈ ಪವರ್ರೇ ಮೂರನೇ ಒಂದು ಭಾಗಕ್ಕೆ ಬರುತ್ತೆ. ಕೊನೇ ಕಾಲು ಭಾಗಕ್ಕೆ ಯಾಕ್ ಸಾರ್ ಇಷ್ಟು ಸುರೀತೀರ?”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಅಷ್ಟು ಕೋಪ ಬಂದದ್ದು. ಅಪ್ಪಾಜಿ ಗಲ್ಲ ಕೆರೆದುಕೊಳ್ಳುತ್ತ ಯೋಚನೆಗೆ ಬಿದ್ದರು. ಕೊನೆಗೆ ಅವನ ಜೊತೆ ಒಂದು ಒಪ್ಪಂದವಾಯಿತು. ಏಳು ದಿನದೊಳಗೆ, ಡಬ್ಬದ ಸಮೇತ, ಕಾರ್ಡಿನ ಮೇಲೆ ಒಂದು ಗೀರೂ ಇಲ್ಲದೆ ತಂದರೆ ಅವನು ವಾಪಸ್ ತೆಗೆದುಕೊಳ್ಳುತ್ತಾನೆ. ಹೊರಗೆ ಬಂದ ಮೇಲೆ ಅಪ್ಪಾಜಿ ನನ್ನ ಜೊತೆ ಇನ್ನೊಂದು ಒಪ್ಪಂದ ಮಾಡಿಕೊಂಡರು.

“ಹಳೇ ಕಾರ್ಡಿಗೂ ಇದಕ್ಕೂ ವ್ಯತ್ಯಾಸ ನನ್ನ ಕಣ್ಣಿಗೆ ಕಾಣ್ಬೇಕು. ಏಳು ದಿವಸದಲ್ಲಿ ಕಂಡ್ರೆ ಇಟ್ಕೋ. ಇಲ್ಲಾಂದ್ರೆ ವಾಪಸ್ ಕೊಟ್ಟು ಸ್ಕೂಟರ್. ಇನ್ನೊಂದ್ ಮಾತು. ನೀನು ಬೆಟ್ಟು ಮಾಡಿ ತೋರ್ಸೋ ಹಂಗಿಲ್ಲ. ಬಾಯ್ ಮುಚ್ಕೊಂಡಿರ್ಬೇಕು.”

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನಕ್ಕೇ ಬಂದದ್ದಲ್ಲ. ಆದರೂ ಒಪ್ಪಿದೆ. ಡಬ್ಬ ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಕೂತೆ, ಯಾರಾದರೂ ಜರುಗಿ ಅಂದರೆ ಗುರ್ ಅನ್ನುತ್ತಿದ್ದೆ.

ಮನೆಗೆ ಬಂದವಳೇ ಕಾರ್ಡು ಹಾಕಬೇಕೆಂದು ಸ್ಕ್ರೂಡ್ರೈವರ್ ಹಿಡಿದರೆ ಅಪ್ಪಾಜಿ ತಡೆದರು. ಮಾರನೆಯ ದಿನ ಆಯುಧಪೂಜೆ. ಹೊಸ ಆಯುಧ ಮೊದಲು ಪೂಜೆಗೆ ಕೂರಬೇಕು, ವಿಜಯದಶಮಿಯ ಬೆಳಗ್ಗೆಯೇ ಮುಟ್ಟಬೇಕು. ಅದು ಆಯುಧ ಹೇಗಾಗುತ್ತದೆ, ಓದುವ ಹುಡುಗಿಯದು, ಪುಸ್ತಕದ ಜೊತೆ ಮನೆಯಲ್ಲೇ ಸರಸ್ವತಿಯ ಮುಂದೆ ಇಡಿ ಎಂದು ಅಮ್ಮನ ವಾದ. ಕರೆಂಟಿನಲ್ಲಿ ಓಡುವುದೆಲ್ಲ ಆಯುಧ ಎಂದು ಅಪ್ಪಾಜಿಯ ತೀರ್ಪು. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ನನ್ನ ಕಾರ್ಡು ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ, ತೊಳೆದು ಒರೆಸಿ ಚೆಂಡುಹೂವು ಮುಡಿಸಿದ ಮೋಟಾರುಗಳ ನಡುವೆ, ಮಣೆಯ ಮೇಲೆ ಕೂತಿತು. ಓಣಿಯ ತುಂಬ ಒಡೆದ ಬೂದುಗುಂಬಳಕಾಯಿ, ಕುಂಕುಮದ ನೀರು. ನಾನು ಅಕ್ಕಪಕ್ಕದ ಶೆಡ್ಡಿನವರಿಗೆಲ್ಲ ಕಡ್ಲೆಪುರಿ ಹಂಚಿ ವಾಪಸ್ ಬಂದು ನೋಡುತ್ತೇನೆ, ಅಪ್ಪಾಜಿ ಕಾರ್ಡಿಗೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದಾರೆ. ಹಚ್ಚಿದ್ದು ಎಲ್ಲಿಗೆ? ಕೆಳ ಅಂಚಿನಲ್ಲಿ ಸಾಲಾಗಿರುವ, ಕಂಪ್ಯೂಟರಿನೊಳಕ್ಕೆ ಕೂರುವ, ಚಿನ್ನದ ಬಣ್ಣದ ಹಲ್ಲುಗಳಿಗೆ.

“ಅಪ್ಪಾಜಿ, ಅಲ್ಲಿಗ್ಯಾಕೆ?”

“ಚಿನ್ನದ ನೀರು ಕುಡಿಸಿದ್ದಾರೆ ಕಣೇ ಇಲ್ಲಿ. ನೋಡಿದ್ರೆ ಗೊತ್ತಾಗಲ್ವಾ? ಇದೇ ಇದ್ರ ಹಣೆ. ವಿಭೂತಿ ಹಣೆಗ್ ತಾನೆ ಹಚ್ಚೋದು?”

ಅವರ ಮುಖದಲ್ಲಿ ಅಷ್ಟು ಭಕ್ತಿಯಿತ್ತು. ಸಾಯಂಕಾಲ ಡಬ್ಬಕ್ಕೆ ಹಾಕುವ ಮುಂಚೆ ದುಪಟ್ಟಾದ ತುದಿಯಿಂದ ಒರೆಸಿದೆ. ಬೂದಿ ತಾನೆ, ಹೋಯಿತು ಅಂದುಕೊಂಡೆ.

ವಿಜಯದಶಮಿಯ ಬೆಳಗ್ಗೆ ಸ್ನಾನ ಮಾಡಿ, ಕೈ ಒಣಗಿಸಿಕೊಂಡು, ಕಾರ್ಡು ಕೂರಿಸಿ, ಸ್ವಿಚ್ ಒತ್ತಿದೆ. ಫ್ಯಾನು ಹೋ ಎಂದು ತಿರುಗಿತು. ಪರದೆ ಕಪ್ಪು. ಒಂದು ಉದ್ದ ಪೀ, ಎರಡು ಗಿಡ್ಡ ಪೀ. ತೆಗೆದು ಮತ್ತೆ ಹಾಕಿದೆ. ಮತ್ತೆ ಅದೇ ಪೀ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಕಂಡಿತು. ನೀರಿನಲ್ಲಿ ಕಲಸಿ ಹಚ್ಚಿದ ವಿಭೂತಿ ಹಲ್ಲುಗಳ ಮೇಲೆ, ಸಂದಿಯೊಳಗೆ, ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು.

“ನಿಮ್ಮ ವಿಭೂತಿಯಿಂದ ನನ್ನ ಕಾರ್ಡ್ ಹಾಳಾಯ್ತು,” ಎಂದು ಕಿರುಚಿದೆ. ಮನೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಆಡಿದ ಮರುಕ್ಷಣ ನನಗೇ ನಾಚಿಕೆಯಾಯಿತು, ಆದರೆ ಅಳು ಅದಕ್ಕಿಂತ ಮುಂಚೆ ಬಂತು.

ಅಪ್ಪಾಜಿ ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಕಾರ್ಡನ್ನು ಅಂಗೈ ಮೇಲೆ ಇಟ್ಟುಕೊಂಡರು. ರಬ್ಬರಿನಿಂದ ಉಜ್ಜೋಣ ಎಂದು ನಾನು ಕೈ ಚಾಚಿದರೆ ಕೈಗೆ ಮೆಲ್ಲಗೆ ಹೊಡೆದರು. “ಉಜ್ಜಿದ್ರೆ ಚಿನ್ನ ಎದ್ದ್ ಹೋಗುತ್ತೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿರುತ್ತೆ ಅದು. ನೀನು ಸುಮ್ನೆ ಕೂತ್ಕೋ.” ಹಳೆಯ ಬನಿಯನ್ನಿನ ಮೆತ್ತನೆ ತುಂಡು, ಸ್ಪಿರಿಟ್ಟಿನ ಸೀಸೆ, ಒಂದು ಬೆಂಕಿಕಡ್ಡಿ ತಂದರು. ಬಟ್ಟೆಯನ್ನು ಕಡ್ಡಿಯ ತುದಿಗೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ಹಲ್ಲನ್ನು ಮೇಲಿನಿಂದ ಕೆಳಕ್ಕೆ, ಒತ್ತದೆ, ಸವರಿದರು. ಈ ಬದಿ ಮುಗಿಸಿ ಆ ಬದಿ. ಹಬ್ಬದ ಹೋಳಿಗೆ ತಣ್ಣಗಾಯಿತು. ಮೂವತ್ತು ವರ್ಷ ಮೋಟಾರಿನ ಮುಂದೆ ದುಡಿದು ದಪ್ಪಗಾದ ಆ ಬೆರಳುಗಳು ಅಷ್ಟು ಹಗುರವಾಗಿ ಆಡಬಲ್ಲವೆಂದು ನನಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ಮತ್ತೆ ಸ್ವಿಚ್ ಒತ್ತಿದೆ. ಒಂದೇ ಒಂದು ಗಿಡ್ಡ ಪೀ. ಪರದೆ ಬೆಳಗಿತು. ನಾನು ಕುರ್ಚಿಯಿಂದ ಎದ್ದು ಕುಣಿದೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಅಪ್ಪಾಜಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಬೆಳಗಿನ ಮಾತಿಗೆ ತಪ್ಪಾಯಿತು ಎಂದೆ. “ಬನ್ನಿ ಎಲೆ ಕೊಡೇ ಮೊದಲು, ಹಬ್ಬ,” ಎಂದರು.

ಆಮೇಲೆ ಆಡಿದೆ ನೋಡಿ. ಕೆರೆಯಲ್ಲಿ ನೀರಿತ್ತು! ಅಲೆ ಇತ್ತು, ಅಲೆಯ ಮೇಲೆ ಬಿಸಿಲು ಒಡೆದು ಚೂರಾಗುತ್ತಿತ್ತು. ದೂರದ ಗುಡ್ಡದ ತುದಿಯ ಮರ ಮೊದಲಿಂದಲೂ ಅಲ್ಲೇ ನಿಂತಿತ್ತು, ನಾನು ಹೋಗುವವರೆಗೂ ಕಾದಿತ್ತು. ಹುಲ್ಲು ಅಲ್ಲಾಡುತ್ತಿತ್ತು. ಶತ್ರುಗಳು ನನ್ನನ್ನು ಹೊಡೆದು ಹಾಕುತ್ತಾರೆಂಬುದನ್ನೂ ಮರೆತು ಹುಲ್ಲಿನಲ್ಲಿ ನಿಂತುಬಿಟ್ಟಿದ್ದೆ. ಎಂಥ ಖುಷಿ ಅದು.

ಅಪ್ಪಾಜಿ ಸಾಯಂಕಾಲ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ಮೊದಲು ಹಳೆಯ ಕಾರ್ಡು ಹಾಕಿ ತೋರಿಸಿದೆ, ಆಮೇಲೆ ಹೊಸದು. ತುಂಬ ಹೊತ್ತು ನೋಡಿ, “ಎರಡೂ ಒಂದೇ ಥರ ಇದೆ,” ಎಂದರು.

ನೀರು ನೋಡಿ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಮ್ಮ ಮಾನಿಟರ್ ಬೇರೆ ಹದಿನೈದಿಂಚಿನ ಹಳೇ ಡಬ್ಬ. ಅಂಥ ಕಾರ್ಡಿಗೆ ಇಂಥ ಮಾನಿಟರ್ ಸಾಲದೆಂಬುದು ನನಗೆ ಹೊಳೆದದ್ದೇ ಆಗ. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಹುಲ್ಲು, ಗುಡ್ಡ, ನೀರು ಯಾವುದೂ ಅವರ ಕಣ್ಣಿಗೆ ಹತ್ತಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಅಮ್ಮ ಸ್ಕೂಟರಿಗೆ ಕೆಂಪು ಚೆನ್ನ, ನೀಲಿ ಬೇಡ ಎಂದು ನೆರೆಮನೆಯವರ ಹತ್ತಿರ ಆಗಲೇ ಹೇಳಿಯಾಗಿತ್ತು.

ಆರನೆಯ ದಿನ ಬೇಸರಕ್ಕೆ ಕಾರ್ ರೇಸ್ ಹಾಕಿದ್ದೆ. ಅಪ್ಪಾಜಿ ಶೆಡ್ಡಿನಿಂದ ಬಂದು ಮುಖ ಕೂಡ ತೊಳೆಯದೆ ಹಿಂದೆ ನಿಂತಿದ್ದರು.

“ನಿಲ್ಸು,” ಎಂದರು. ನಿಲ್ಲಿಸಿದೆ.

“ನಿಧಾನಕ್ಕೆ ಓಡ್ಸು. ರೇಸ್ ಬೇಡ. ಆ ದೀಪದ ಕಂಬದ ಪಕ್ಕಕ್ಕೆ ಹೋಗು.”

ಹೋದೆ. ಕಾರಿನ ಬಾನೆಟ್ಟಿನ ಮೇಲೆ ಕಂಬದ ಬಿಂಬ ಉದ್ದಕ್ಕೆ ಮೂಡಿ, ಬಾಗಿ, ಗಾಜಿನ ಕಡೆಗೆ ಜಾರಿಹೋಯಿತು. ಹಿಂದೆಯೇ ಮೋಡ ಬಂತು. “ಈಗ ಹಳೇದು ಹಾಕು,” ಎಂದರು. ಕಾರ್ಡು ಬದಲಾಯಿಸಿದೆ. ಅದೇ ಕಾರು, ಅದೇ ರಸ್ತೆ. ಬಾನೆಟ್ಟಿನ ಮೇಲೆ ಒಂದು ಬಿಳಿ ಗೀರು, ಎಲ್ಲಿಗೆ ಹೋದರೂ ಅದೇ ಗೀರು.

“ಇದು ಪೇಂಟು,” ಎಂದರು. “ಹೊಸದು ಹಾಕು.”

ಹಾಕಿದೆ. ಅಪ್ಪಾಜಿ ಸ್ಟೂಲು ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಜೇಬಿಗೆ ಕೈಹಾಕಿ ಕಡ್ಡಿಪೆಟ್ಟಿಗೆ ತೆಗೆದು ಆ ಬಾನೆಟ್ಟಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದರು. ಒಂದು ಕ್ಷಣ ಹಿಡಿದೇ ಇದ್ದರು. ಆಮೇಲೆ ತಾವು ಮಾಡಿದ್ದು ತಮಗೇ ಗೊತ್ತಾಗಿ, ಮೆಲ್ಲಗೆ ಜೇಬಿಗೆ ಹಾಕಿಕೊಂಡು, “ಯಾರೋ ಕೂತು ಉಜ್ಜಿದ್ದಾರೆ ಇದನ್ನ,” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಇಟ್ಟುಕೋ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಏಳನೆಯ ದಿನ ಕಾಲೇಜಿನಿಂದ ಬಂದು ನೋಡಿದರೆ ಬೀರುವಿನ ಮೇಲಿದ್ದ ಡಬ್ಬ ಇಲ್ಲ.

“ನಿಮ್ಮಪ್ಪಾಜಿ ಬೆಳಗ್ಗೇನೇ ತಗೊಂಡ್ ಹೋದ್ರು. ಏನೂ ಹೇಳ್ಲಿಲ್ಲ,” ಎಂದಳು ಅಮ್ಮ.

ಕಂಪ್ಯೂಟರ್ ತೆರೆದು ನೋಡುವ ಬುದ್ಧಿಯೂ ಬರಲಿಲ್ಲ ನನಗೆ. ಅಂಗಡಿಗೆ ಹೊರಡುವ ಮೊದಲೇ ಅವರನ್ನು ಹಿಡಿಯಬೇಕೆಂದು ಸಿಕ್ಕಿದ ಬಸ್ಸು ಹತ್ತಿ, ಮಾಗಡಿ ರೋಡಿನಲ್ಲಿ ಇಳಿದು ಓಡಿದೆ. ಏನೇನು ಜಗಳ ಆಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಉಸಿರು ಬಿಡುತ್ತ ಶೆಡ್ಡಿನ ಬಾಗಿಲಿಗೆ ಬಂದೆ.

ಅಪ್ಪಾಜಿ ಚಕ್ರದ ಮುಂದೆ ಕೂತಿದ್ದರು. ಅವರ ತಲೆಯ ಮೇಲಿನ ಗೂಡಿನಲ್ಲಿ ನನ್ನ ಡಬ್ಬ ಇತ್ತು. ಮಿರರ್ ಕೆಲಸದ ಕೊನೆಯ ಸುತ್ತಿಗೆ ಮಾತ್ರ ಬಳಸುವ ಮೆತ್ತನೆಯ ಬಿಳಿ ಚಕ್ರಗಳು ನಾಲ್ಕಿದ್ದವು ಅವರ ಹತ್ತಿರ. ಒಂದು ಕಣ ದೂಳು ಬಿದ್ದರೂ ಅವು ಕೆಟ್ಟವು ಎಂದು ಪೇಪರಿನಲ್ಲಿ ಸುತ್ತಿ ಸುತ್ತಿ ಇಡುತ್ತಿದ್ದರು. ಈಗ ಅವು ನನ್ನ ಡಬ್ಬದೊಳಗೆ, ಕಾರ್ಡು ಕೂತಿದ್ದ ಸ್ಪಂಜಿನ ಗುಳಿಯಲ್ಲಿ, ಒಂದರ ಮೇಲೊಂದು ಕೂತಿದ್ದವು. ಮುಚ್ಚಳದ ಮೇಲೆ ಅಪ್ಪಾಜಿಯ ಐದೂ ಬೆರಳಿನ ಕರಿ ಗುರುತು ಅಚ್ಚೊತ್ತಿತ್ತು.

“ದೂಳು ಹೋಗಲ್ಲ ಕಣೇ ಇದ್ರೊಳಗೆ. ಒಳ್ಳೇ ಡಬ್ಬ,” ಎಂದರು.

“ಅಪ್ಪಾಜಿ, ಡಬ್ಬ ಹೀಗಾದ್ರೆ ಅಂಗಡಿಯವನು ಕಾರ್ಡ್ ವಾಪಸ್ ತಗೊಳಲ್ಲ.”

“ತಗೊಳಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೋಟಾರ್ ಹಾಕಿದರು. ನಾನು ಏನು ಹೇಳಿದೆನೋ ಆ ಸದ್ದಿನಲ್ಲಿ ಅವರಿಗೂ ಕೇಳಿಸಲಿಲ್ಲ, ನನಗೂ ನೆನಪಿಲ್ಲ.

ಅವತ್ತು ಬಸ್ಸಿನಲ್ಲಿ ಮನೆಗೆ ಬಂದು ಕಂಪ್ಯೂಟರ್ ತೆರೆದು ನೋಡಿದೆ, ಕಾರ್ಡು ಅಲ್ಲೇ ಇತ್ತು. ಆಮೇಲೆ ಕಾಲೇಜು ಮುಗಿಯುವವರೆಗೂ ಕೆಂಗೇರಿಗೆ ಬಸ್ಸಿನಲ್ಲೇ ಹೋದೆ.