ಅವನಿಗೂ ಒಂದು ಟವೆಲ್

ನನ್ನ ಗಂಡ ಕೆಂಚೇಶ್ ಹನ್ನೊಂದು ವರ್ಷದಿಂದ ಡ್ರೈವರ್. ನ್ಯಾಮತಿಯ ಕುರಿ ವ್ಯಾಪಾರಿ ಮಾರುತೇಶ್ ಅವರ ಪಿಕಪ್ ಓಡಿಸುತ್ತಾರೆ. ಜಗಳೂರು ಕಡೆ ಕುರಿ ತುಂಬಿಕೊಂಡು ಹೊರಟರೆ ದಾರಿಯಲ್ಲಿ ಮೂರು ಸಲವಾದರೂ ನಿಲ್ಲಿಸಿ, ಬಿದ್ದ ಕುರಿಗಳನ್ನು ಎಬ್ಬಿಸುತ್ತಾರೆ. ಅವರ ಗಾಡಿಯಲ್ಲಿ ಒಂದು ಕುರಿಯೂ ತುಳಿತಕ್ಕೆ ಸತ್ತಿಲ್ಲ. ಮನೆಗೆ ಬಂದ ಮೇಲೆ, ಎಂಟು ತಿಂಗಳ ಮಗಳು ಎಷ್ಟೇ ಅತ್ತರೂ ಸ್ನಾನ ಮಾಡದೆ ಎತ್ತಿಕೊಳ್ಳುವುದಿಲ್ಲ.

ಯುಗಾದಿ ಕಳೆದ ಮೇಲೆ ಸಾಹುಕಾರರು ಗಾಡಿಗೆ ಜಿಪಿಎಸ್ ಹಾಕಿಸಿದರು. ಹಾಕಿಸಲಿ. ಗಾಡಿ ಅವರದು, ಕಳುವಾದರೆ ಹುಡುಕಬೇಕಲ್ಲ. ಆದರೆ ಅವರು ಹುಡುಕಿದ್ದು ಕಳ್ಳನನ್ನಲ್ಲ. ಹೋಟೆಲಿನಲ್ಲಿ ಕೂತು ಫೋನ್ ಎತ್ತಿ ಹಿಡಿದು, "ನೋಡ್ರಿ, ನಮ್ಮ ಕೆಂಚ ಈಗ ಉಚ್ಚೆ ಹೊಯ್ಯಾಕೆ ನಿಂತಾನೆ" ಎಂದು ಟೀ ಕುಡಿಯುವವರನ್ನೆಲ್ಲ ನಗಿಸುತ್ತಿದ್ದರು. ಆಕಾಶಕ್ಕೆ ಉಪಗ್ರಹ ಹಾರಿಸಿದ್ದು ಇದಕ್ಕೇ ಇರಬೇಕು!

ಒಂದು ದಿನ ಮನೆ ಬಾಗಿಲಿಗೇ ಬಂದರು.

"ದುರ್ಗಾಂಬಿಕಾ, ನಿನ್ನ ಗಂಡ ಮಂಗಳವಾರ ಬಂತಂದ್ರೆ ಹೊನ್ನಾಳಿಯ ಒಂದು ಓಣ್ಯಾಗೆ ಅರ್ಧ ತಾಸು ನಿಲ್ತಾನೆ. ಯಾರ ಮನೆ ಅದು? ನಿನ್ನ ಫೋನಿಗೂ ಹಾಕ್ಕೊಡ್ತೀನಿ, ನೋಡ್ಕೊಂಡಿರು."

"ನಂಗ್ಯಾಕ್ರೀ? ಅವರ ಬಟ್ಟೆ ಒಗೆಯೋಳು ನಾನು. ನಿಮ್ಮ ಫೋನಿಗೆ ಗೊತ್ತಿಲ್ಲದ್ದೂ ನಂಗೆ ಗೊತ್ತೈತೆ."

ಅದು ಮೂಲವ್ಯಾಧಿಗೆ ನಾಟಿ ಔಷಧಿ ಕೊಡುವವರ ಮನೆ. ದಿನಕ್ಕೆ ಹತ್ತು ತಾಸು ಸೀಟಿನ ಮೇಲೆ ಕೂತವರಿಗೆ ಅದು ಬಾರದೆ ಇನ್ನೇನು ಬಂದೀತು? ಅದನ್ನೂ ಹೋಟೆಲಿನವರ ನಗುವಿಗೆ ಕೊಡಲು ನಮ್ಮ ಮನೆಯವರು ತಯಾರಿರಲಿಲ್ಲ.

"ತಪ್ಪು ಮಾಡಿಲ್ಲ ಅಂದ್ರೆ ಮುಚ್ಚಾಕೆ ಏನೈತೆ? ಶುಕ್ರವಾರದೊಳಗೆ ಹೇಳ್ಲಿ, ಇಲ್ಲಾ ಕೀಲಿ ಇಟ್ಟು ಹೋಗ್ಲಿ" ಎಂದು ಸಾಹುಕಾರರು ಹೋದರು.

ಗುರುವಾರ ಸಾಹುಕಾರರೂ ಇವರೂ ಕುರಿ ಕೊಳ್ಳಲು ಸೊಕ್ಕೆಯ ಗಾದ್ರಮ್ಮನ ಕುರಿಹಟ್ಟಿಗೆ ಹೋಗಿದ್ದರು. ಕುರಿ ಬೆಲೆಯನ್ನು ಅಲ್ಲಿ ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಅಡಿ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ಪಕ್ಕದ ವ್ಯಾಪಾರಿಗೆ ಗೊತ್ತಾಗಬಾರದು. ಸಾಹುಕಾರರು ಹಾಗೆ ಗಾದ್ರಮ್ಮನ ಬೆರಳು ಹಿಡಿದು ಕೂತಿದ್ದಾಗ ಇವರು ಹೋಗಿ, ಎಲ್ಲರೆದುರು ಟವೆಲ್ ಎತ್ತಿಬಿಟ್ಟರಂತೆ.

"ಏ ಕೆಂಚ, ತಲೆ ಕೆಟ್ಟೈತೇನೋ!"

"ತಪ್ಪು ಮಾಡಿಲ್ಲ ಅಂದ್ರೆ ಮುಚ್ಚಾಕೆ ಏನೈತೆ ಸಾಹುಕಾರ್ರೆ?"

ಕೀಲಿಯನ್ನು ಆ ಟವೆಲಿನ ಮೇಲೇ ಇಟ್ಟು, ಇಡೀ ಕಥೆ ಹೇಳಿದರಂತೆ, ಕಾಯಿಲೆ ಒಂದು ಬಿಟ್ಟು. ಗಾದ್ರಮ್ಮ ಸೆರಗು ಕೊಡವಿಕೊಂಡು ಎದ್ದು, "ನಿಮಗೊಂದು ಟವೆಲ್ ಬೇಕು, ಅವನಿಗೆ ಬ್ಯಾಡೇನ್ರೀ? ಹೋಗ್ರಿ, ಇವತ್ತು ಕುರಿ ಕೊಡಲ್ಲ" ಎಂದಳಂತೆ. ಇವರು ಬಸ್ಸು ಹತ್ತಿ ಮನೆಗೆ ಬಂದರು. ಮಗಳ ಹಾಲಿಗೆ ಏನು ಮಾಡುವುದು ಎಂದು ನಾನು ಯೋಚಿಸಿದ್ದು ನಿಜ. ಆದರೆ ಬಿಸಿನೀರು ಕಾಯಿಸಿಟ್ಟೆ, ಬೈಯಲಿಲ್ಲ.

ಮುಂದಿನ ವಾರ ಸಾಹುಕಾರರ ಭಾವಮೈದ ಗಾಡಿ ಓಡಿಸಿದ. ಫೋನಿನಲ್ಲಿ ಗಾಡಿಯ ಚುಕ್ಕೆ ಎಲ್ಲೂ ನಿಲ್ಲದೆ ಜಗಳೂರಿನಿಂದ ನೇರ ಬಂತು. "ಡ್ರೈವರ್ ಅಂದ್ರೆ ಹಿಂಗಿರಬೇಕು" ಎಂದು ಸಾಹುಕಾರರು ಹೋಟೆಲಿನಲ್ಲಿ ಮೆರೆದರು. ಹಿಂದಿನ ಬಾಗಿಲು ತೆಗೆದರೆ ಆರು ಕುರಿ ಸತ್ತು ಬಿದ್ದಿದ್ದವು. ಬಿದ್ದ ಕುರಿ ಯಾವ ಫೋನಿನಲ್ಲಿ ಕಾಣುತ್ತದೆ?

ಮರುದಿನ ಸಾಹುಕಾರರು ಕೀಲಿ ಹಿಡಿದು ತಾವೇ ನಮ್ಮ ಮನೆಗೆ ಬಂದರು. "ಲೋಡ್ ಇದ್ದಾಗ ಮಾತ್ರ ನೋಡ್ತೀನಿ. ಹೋಟೆಲ್ನಾಗೆ ತೋರ್ಸಲ್ಲ." ಮೆಟ್ಟಿಲು ಇಳಿದವರು ತಿರುಗಿ, "ಆದ್ರೂ ಆ ಮನೆ ಯಾರ್ದೋ?" ಎಂದರು.

ಇವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು, ಅಷ್ಟೇ.

ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವ ಮೊದಲು, ಬರೆಯಲೇ ಎಂದು ನಾನು ಇವರನ್ನು ಕೇಳಿದೆ. ಮಗಳ ತಲೆ ಒರೆಸುತ್ತಾ, "ಬರಿ, ನೀನು ಕೇಳಿದ್ಯಲ್ಲ" ಎಂದರು.